ಗಡಿಯಾರವಿಲ್ಲದ ಮನೆ, ಗಿರಣಿಯ ಗಂಟೆ

(ಪದವಿ ಕಾಲೇಜೊಂದರ ಇತಿಹಾಸ ಸಂಘದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭೆಯ ಕೊನೆಗೆ ಬಂದ ಒಂದು ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

1832ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದರ ಮುಂದೆ ಎಲಿಜಬೆತ್ ಬೆಂಟ್ಲಿ ಎಂಬ 23 ವರ್ಷದ ಹೆಣ್ಣುಮಗಳು ಸಾಕ್ಷಿ ಹೇಳಿದಳು. ಊರು ಯಾರ್ಕ್‌ಷೈರಿನ ಲೀಡ್ಸ್. ಆರನೆಯ ವಯಸ್ಸಿಗೇ ಅಗಸೆ ನಾರು ನೂಲುವ ಗಿರಣಿಗೆ ಸೇರಿದವಳು. ಕೆಲಸ ಜೋರಾಗಿದ್ದ ದಿನಗಳಲ್ಲಿ ಬೆಳಗಿನ 5 ಗಂಟೆಯಿಂದ ರಾತ್ರಿ 9ರವರೆಗೆ ದುಡಿತ, ಮಧ್ಯಾಹ್ನದ ಊಟಕ್ಕೆ 40 ನಿಮಿಷ. ನೂಲು ತುಂಬಿದ ಬಾಬಿನ್‌ಗಳನ್ನು, ಅಂದರೆ ನೂಲು ಸುತ್ತುವ ಉರುಳೆಗಳನ್ನು, ಯಂತ್ರದ ಚೌಕಟ್ಟಿನಿಂದ ಕಳಚಿ, ಖಾಲಿ ಬಾಬಿನ್‌ಗಳನ್ನು ಸಿಕ್ಕಿಸಿ, ಯಂತ್ರವನ್ನು ಮತ್ತೆ ಓಡಿಸುವುದು ಅವಳ ಕೆಲಸ. ಕೈ ನಿಧಾನವಾದರೆ ಏನು ಮಾಡುತ್ತಿದ್ದರು ಎಂದು ಸಮಿತಿ ಕೇಳಿತು. ಚರ್ಮದ ಪಟ್ಟಿಯಿಂದ ಹೊಡೆಯುತ್ತಿದ್ದರು ಎಂದಳು.

ಆಮೇಲೆ ಸಮಿತಿಯವರು ಇನ್ನೊಂದು ಪ್ರಶ್ನೆ ಕೇಳಿದರು: ಮನೆಯಲ್ಲಿ ಗಡಿಯಾರ ಇತ್ತೆ? ಇರಲಿಲ್ಲ. ಮನೆಯಿಂದ ಗಿರಣಿಗೆ ಎರಡು ಮೈಲಿ. ಕಾಲು ಗಂಟೆ ತಡವಾದರೆ ಅರ್ಧ ಗಂಟೆಯ ಕೂಲಿ ಹಿಡಿಯುತ್ತಿದ್ದರು. ಹಾಗಿದ್ದರೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದುದು ಹೇಗೆ? ಅವಳ ತಾಯಿ ನಡುರಾತ್ರಿ ಎದ್ದು ಕಿವಿಗೊಟ್ಟು ಮಲಗಿರುತ್ತಿದ್ದಳಂತೆ. ಕಲ್ಲಿದ್ದಲ ಗಣಿಯ ಕೆಲಸಗಾರರು ಬೆಳಗಿನ ಜಾವ ಮೂರು ನಾಲ್ಕಕ್ಕೆ ಬೀದಿಯಲ್ಲಿ ಹೋಗುವ ಸದ್ದು ಕೇಳಿದರೆ, ಬೆಚ್ಚಗಿನ ಹಾಸಿಗೆ ಬಿಟ್ಟು ಹೊರಗೆ ಬಂದು ಅವರನ್ನು ಗಂಟೆ ಎಷ್ಟಾಯಿತೆಂದು ಕೇಳುತ್ತಿದ್ದಳು. ಕೆಲವೊಮ್ಮೆ ಈ ಅಂದಾಜು ತಪ್ಪಿ, ಹುಡುಗಿ ರಾತ್ರಿ ಎರಡು ಗಂಟೆಗೇ ಸುರಿಯುವ ಮಳೆಯಲ್ಲಿ ಗಿರಣಿಯ ಬಾಗಿಲಿಗೆ ಹೋಗಿ, ಅದು ತೆರೆಯುವವರೆಗೆ ಕಾದು ನಿಂತದ್ದಿದೆ. ಸಾಕ್ಷಿ ಹೇಳುವ ಹೊತ್ತಿಗೆ ತಾಯಿ ತೀರಿಕೊಂಡಿದ್ದಳು. ಬೆಂಟ್ಲಿಯ ಮೈಮೂಳೆಗಳು ವಕ್ರವಾಗಿದ್ದವು. ಈಗ ಎಲ್ಲಿದ್ದೀಯೆ ಎಂದು ಕೇಳಿದ್ದಕ್ಕೆ ಹನ್ಸ್‌ಲೆಟ್‌ನ ಬಡವರ ಆಶ್ರಯಗೃಹದಲ್ಲಿದ್ದೇನೆ ಎಂದಳು.

ಈ ಸಾಕ್ಷ್ಯದ ಬಗ್ಗೆ ಒಂದು ಎಚ್ಚರಿಕೆ ಬೇಕು. ಸಮಿತಿಯ ಅಧ್ಯಕ್ಷ ಮೈಕೆಲ್ ಸ್ಯಾಡ್ಲರ್ ಗಿರಣಿ ಸುಧಾರಣೆಯ ಪಕ್ಷಪಾತಿ. ಸಾಕ್ಷಿಗಳನ್ನು ಆರಿಸಿ ತಂದವರೂ ಆ ಕಡೆಯವರೇ. ಸಾಕ್ಷ್ಯವನ್ನು ಪ್ರಮಾಣ ಮಾಡಿಸಿ ಪಡೆದದ್ದಲ್ಲ. ನಮ್ಮ ಮಾತು ಕೇಳಲೇ ಇಲ್ಲ ಎಂದು ಗಿರಣಿ ಮಾಲೀಕರು ಗಲಾಟೆ ಎಬ್ಬಿಸಿದ್ದರಿಂದ ಮರುವರ್ಷ ಇನ್ನೊಂದು ಆಯೋಗ ಬಂತು. ಇದೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆದರೂ ಬೀದಿಗೆ ಇಳಿದು ಗಣಿಗಾರರನ್ನು ಗಂಟೆ ಕೇಳುವ ತಾಯಿಯನ್ನು ಯಾವ ಪಕ್ಷಪಾತಿಯೂ ಕೂತು ಕಲ್ಪಿಸಿಕೊಳ್ಳಲಾರ ಎಂದು ನನಗೆ ಅನಿಸುತ್ತದೆ. ನಾನು ಇಂದು ಮಾತನಾಡಬೇಕೆಂದಿರುವುದೂ ಅದನ್ನೇ. ಕೈಗಾರಿಕೀಕರಣದ ಮೊದಲ 70–80 ವರ್ಷಗಳಲ್ಲಿ ಹೆಂಗಸರು, ಮಕ್ಕಳ ಹೊತ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಕ್ಕಳ ದುಡಿಮೆಯನ್ನು ಗಿರಣಿಗಳು ಹುಟ್ಟುಹಾಕಲಿಲ್ಲ. ಅದಕ್ಕೆ ಮುಂಚೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮಕ್ಕಳು ಹಾಲು ಕುಡಿದು ಆಡಿಕೊಂಡಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆಯೇ ಕಾರ್ಖಾನೆಯಾಗಿತ್ತು. ಮಕ್ಕಳು ಉಣ್ಣೆ ಹಿಂಜುತ್ತಿದ್ದರು, ತಾಯಂದಿರು ನೂಲುತ್ತಿದ್ದರು, ಗಂಡಸು ನೇಯುತ್ತಿದ್ದ. ಒಂದು ಮಗ್ಗಕ್ಕೆ ಸಾಲುವಷ್ಟು ನೂಲು ಬೇಕೆಂದರೆ ನಾಲ್ಕೈದು ರಾಟೆಗಳು ತಿರುಗಬೇಕಿತ್ತು. 1733ರಲ್ಲಿ ಜಾನ್ ಕೇ ನೇಯ್ಗೆಯ ವೇಗ ಹೆಚ್ಚಿಸುವ ಹಾರುವ ಲಾಳಿಯನ್ನು ತಂದ ಮೇಲಂತೂ ಮಗ್ಗದ ಹಸಿವು ಇನ್ನೂ ಹೆಚ್ಚಿತು. ಮನೆಯಲ್ಲಿ ಹೊಡೆತ ಇರಲಿಲ್ಲ, ಹಸಿವು ಇರಲಿಲ್ಲ ಎಂದಲ್ಲ. ಆದರೆ ನೂಲುವವಳು ಒಲೆಯ ಮೇಲಿನ ಗಂಜಿ ಉಕ್ಕಿದರೆ ಏಳಬಹುದಿತ್ತು, ಮಗು ಅತ್ತರೆ ರಾಟೆ ನಿಲ್ಲಿಸಿ ಎತ್ತಿಕೊಳ್ಳಬಹುದಿತ್ತು. ಸೋಮವಾರ ಸುಮ್ಮನೆ ಕೂತು ಶುಕ್ರವಾರ ರಾತ್ರಿಯಿಡೀ ಕೆಲಸ ಮಾಡಬಹುದಿತ್ತು. ದುಡಿಮೆ ಕಡಿಮೆಯೇನೂ ಇರಲಿಲ್ಲ, ಹೊತ್ತು ಮಾತ್ರ ಮನೆಯವರದಾಗಿತ್ತು.

ಇದು ನಮಗೆ ಅಪರಿಚಿತವಾದ ಚಿತ್ರವೇನಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಬೆಂಗಳೂರಿನ ಬಗ್ಗೆ ಬರೆಯುವಾಗ ಅವನು ಒಂದು ವಿಷಯವನ್ನು ಗಮನಿಸಿದ್ದಾನೆ: ವಾರದ ಸಂತೆಯಲ್ಲಿ ಬಡ ಹೆಂಗಸರು ಸ್ವಲ್ಪ ಸ್ವಲ್ಪವೇ ಅರಳೆ ಕೊಳ್ಳುತ್ತಾರೆ, ಮನೆಯಲ್ಲಿ ನೂಲುತ್ತಾರೆ, ಮುಂದಿನ ಸಂತೆಯಲ್ಲಿ ನೂಲನ್ನು ನೇಕಾರರಿಗೆ ಮಾರುತ್ತಾರೆ. ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಗಳ ಹೆಂಗಸರೂ ನೂಲುತ್ತಾರೆ ಎನ್ನುತ್ತಾನೆ. ಅರಳೆಗೂ ನೂಲಿಗೂ ನಡುವಿನ ಆ ಒಂದಷ್ಟು ಕಾಸು ಹೆಂಗಸಿನ ಕೈಯದು. ಬುಕಾನನ್ ಇದನ್ನು ಬರೆಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಂಥ ಕಾಸು ಬಹುಪಾಲು ನಿಂತುಹೋಗಿತ್ತು.

ನಿಂತದ್ದು ಹೇಗೆ ಎಂದರೆ, 1760ರ ದಶಕದಲ್ಲಿ ಲ್ಯಾಂಕಷೈರಿನ ಜೇಮ್ಸ್ ಹಾರ್ಗ್ರೀವ್ಸ್ ಒಂದೇ ಚಕ್ರಕ್ಕೆ ಹಲವು ಕದಿರು ತಿರುಗಿಸುವ ಜೆನ್ನಿಯನ್ನು ಮಾಡಿದ. ಮೊದಮೊದಲು ಅದರಿಂದ ಹೆಂಗಸರಿಗೆ ಲಾಭವೇ ಆಯಿತು. ಸಣ್ಣ ಜೆನ್ನಿ ಮನೆಯ ಮೂಲೆಯಲ್ಲಿ ಹಿಡಿಯುತ್ತಿತ್ತು. 1779ರಲ್ಲಿ ಲ್ಯಾಂಕಷೈರಿನಲ್ಲಿ ಜನ ಯಂತ್ರಗಳನ್ನು ಒಡೆದಾಗ ಮನೆಯಲ್ಲಿ ನಡೆಯುವ ಸಣ್ಣ ಜೆನ್ನಿಗಳನ್ನು ಬಿಟ್ಟು, ಕೊಟ್ಟಿಗೆ ತುಂಬ ನಿಲ್ಲುವ ದೊಡ್ಡವನ್ನು ಹುಡುಕಿ ಒಡೆದರು. ಯಂತ್ರದ ಮೇಲೆ ಕುರುಡು ಕೋಪ ಎಂದು ಪಠ್ಯಪುಸ್ತಕಗಳು ಬರೆಯುವ ಜನ ಎಷ್ಟು ಲೆಕ್ಕಾಚಾರದವರು ನೋಡಿ. ಆದರೆ ದೊಡ್ಡ ಯಂತ್ರಗಳೇ ಗೆದ್ದವು. ಆರ್ಕ್‌ರೈಟನ ನೀರಿನ ಬಲದಿಂದ ನಡೆಯುವ ಚೌಕಟ್ಟು, ಕ್ರಾಂಪ್ಟನ್‌ನ ಮ್ಯೂಲ್ ಎಂಬ ನೂಲುವ ಯಂತ್ರಗಳು ಬಂದವು. 1790ರ ದಶಕದ ಹೊತ್ತಿಗೆ ಹತ್ತಿ ನೂಲು ಮನೆಯ ಹೊಸ್ತಿಲು ದಾಟಿ ಹೋಗಿತ್ತು. ಮಗ್ಗದ ಗಂಡಸರ ಪತನದ ಬಗ್ಗೆ ಕಪಾಟುಗಟ್ಟಲೆ ಬರಹವಿದೆ. ಅದಕ್ಕೆ ಒಂದು ತಲೆಮಾರು ಮುಂಚೆಯೇ, ಅವರಿಗಿಂತ ಎಷ್ಟೋ ಪಾಲು ಹೆಚ್ಚು ಸಂಖ್ಯೆಯ ಹೆಂಗಸರ ಕೈಕೆಲಸ ಹೋದದ್ದು ಹೆಚ್ಚಿನ ಸದ್ದು ಮಾಡಲಿಲ್ಲ. ಅದು ಎಲ್ಲರ ಮನೆಯ ಒಳಗೆ, ಒಬ್ಬೊಬ್ಬಳಿಗೇ ಆದ ನಷ್ಟವಾಗಿತ್ತು.

1820ರ ದಶಕದಲ್ಲಿ ಆ ಯಂತ್ರದ ನೂಲು ಹಡಗು ಹತ್ತಿ ಭಾರತಕ್ಕೂ ಬಂತು. ಬಂಗಾಳದ ಶಾಂತಿಪುರದ ಒಬ್ಬ ವಿಧವೆ 1828ರಲ್ಲಿ 'ಸಮಾಚಾರ ದರ್ಪಣ' ಪತ್ರಿಕೆಗೆ ಕಾಗದ ಬರೆದಳು. ನೂಲಿ ಮನೆ ನಡೆಸಿದವಳು, ನೂಲಿದ ಹಣದಲ್ಲೇ ಮನೆಯ ಶುಭಕಾರ್ಯಗಳನ್ನು ಮಾಡಿದವಳು. ಈಗ ವಿಲಾಯಿತಿ ನೂಲು ಬಂದು ತನ್ನ ನೂಲನ್ನು ಕೇಳುವವರಿಲ್ಲ ಎಂಬುದು ಅವಳ ದೂರು. ಅದರಲ್ಲಿ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತದೆ. ವಿಲಾಯಿತಿಯ ಹೆಂಗಸರೆಲ್ಲ ಸಿರಿವಂತರು ಎಂದುಕೊಂಡಿದ್ದೆ, ಅಲ್ಲಿ ನನಗಿಂತಲೂ ಬಡವರಿದ್ದಾರೆಂದು ಈಗ ತಿಳಿಯಿತು, ಇಲ್ಲದಿದ್ದರೆ ಇಷ್ಟು ಕಷ್ಟಪಟ್ಟು ನೂಲಿದ್ದನ್ನು ಇಷ್ಟು ಅಗ್ಗಕ್ಕೆ ಇಲ್ಲಿಯವರೆಗೆ ಕಳುಹಿಸುತ್ತಿದ್ದರೇ ಎನ್ನುತ್ತಾಳೆ. ಆ ನೂಲಿನ ಹಿಂದೆ ಯಂತ್ರವಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆದರೆ ಅದರ ಹಿಂದೆ ತನಗಿಂತ ಬಡವರು ಇದ್ದಾರೆ ಎಂಬ ಅವಳ ಊಹೆ ಸುಳ್ಳಾಗಿರಲಿಲ್ಲ.

ಆ ಬಡವರು ಯಾರು? ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಡರ್ಬಿಷೈರಿನ ಕ್ರಾಮ್‌ಫರ್ಡ್ ಎಂಬ ಹಳ್ಳಿಯಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಕಟ್ಟಿದ. ಹೆಂಗಸರಿಗೂ ಮಕ್ಕಳಿಗೂ ಕೆಲಸವಿದೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಮನೆ ತುಂಬ ಮಕ್ಕಳಿರುವ ಸಂಸಾರಗಳನ್ನು ಹುಡುಕಿ ಕರೆತಂದ. ಅಪ್ಪ ಮನೆಯಲ್ಲಿ ನೇಯಲಿ, ಹೆಂಡತಿ ಮಕ್ಕಳು ಗಿರಣಿಗೆ ಬರಲಿ ಎಂಬ ಏರ್ಪಾಡು. ಆದರೆ ನೀರು ಧುಮುಕುವ ಜಾಗಗಳಲ್ಲಿ ಜನವಸತಿ ತೀರ ಕಡಿಮೆ. ಊರವರಂತೂ ತಮ್ಮ ಮಕ್ಕಳನ್ನು ಆ ಐದು ಅಂತಸ್ತಿನ ಕಟ್ಟಡಕ್ಕೆ ಕಳುಹಿಸಲು ಹಿಂಜರಿಯುತ್ತಿದ್ದರು. ಆಗ ಮಾಲೀಕರ ಕಣ್ಣು ಲಂಡನ್ನಿನ ಬಡವರ ಆಶ್ರಯಗೃಹಗಳ ಮೇಲೆ ಬಿತ್ತು. ಅನಾಥ ಮಕ್ಕಳನ್ನು ಸಾಕುವುದು ಆಯಾ ಚರ್ಚಿನ ಹೋಬಳಿಯ ಹೊಣೆ, ಆ ಹೊಣೆ ಇಳಿದರೆ ಸಾಕಾಗಿತ್ತು ಅಲ್ಲಿನವರಿಗೆ. ಗಾಡಿಗಟ್ಟಲೆ ಮಕ್ಕಳು ಉತ್ತರಕ್ಕೆ ಹೊರಟರು. ಅವರಿಗೆ ಕೂಲಿ ಇಲ್ಲ, ಊಟ, ಬಟ್ಟೆ, ಹಾಸಿಗೆ ಅಷ್ಟೇ. 21 ತುಂಬುವವರೆಗೆ ಮಾಲೀಕನ ಸೊತ್ತು ಎಂದರೂ ತಪ್ಪಲ್ಲ.

1799ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಆಶ್ರಯಗೃಹದಿಂದ ಹಾಗೆ ಹೊರಟವರಲ್ಲಿ ರಾಬರ್ಟ್ ಬ್ಲಿಂಕೋ ಎಂಬ ಹುಡುಗನೂ ಇದ್ದ. ಅಲ್ಲಿ ಹುರಿದ ಮಾಂಸ, ಸಿಹಿ ಕಡುಬು ತಿನ್ನಬಹುದು, ಯಜಮಾನನ ಕುದುರೆ ಹತ್ತಬಹುದು ಎಂದು ನಂಬಿಸಿ ಕಳುಹಿಸಿದ್ದರು. ಮುಂದೆ ಲಿಟನ್ ಎಂಬಲ್ಲಿಯ ಗಿರಣಿಯಲ್ಲಿ ಅವನೂ ಜೊತೆಯ ಮಕ್ಕಳೂ ಹಸಿವು ತಾಳಲಾರದೆ ಹಂದಿಗಳಿಗೆ ಹಾಕಿದ ಹಿಟ್ಟಿನ ಉಂಡೆಗಳನ್ನು ಕದ್ದು ತಿನ್ನುತ್ತಿದ್ದರು. ಕೊನೆಗೆ ಹಂದಿಗಳೇ ಹುಷಾರಾಗಿ ಉಂಡೆಯನ್ನು ಕೆಸರಿನಲ್ಲಿ ಹೊರಳಿಸಲು ಕಲಿತವು ಎಂದು ಅವನು ದೊಡ್ಡವನಾದ ಮೇಲೆ ಹೇಳಿ ಬರೆಯಿಸಿದ ಆತ್ಮಕಥನದಲ್ಲಿದೆ. ಬ್ಲಿಂಕೋ ಬದುಕುಳಿದ, ಹತ್ತಿ ವ್ಯಾಪಾರಿಯಾದ, ಮಗನನ್ನು ಕೇಂಬ್ರಿಜ್‌ನಲ್ಲಿ ಓದಿಸಿ ಪಾದ್ರಿಯನ್ನಾಗಿ ನೋಡಿದ. ಎಲ್ಲ ಮಕ್ಕಳ ಕಥೆಯೂ ಹೀಗೆ ಮುಗಿಯಲಿಲ್ಲ ಎಂದು ಹೇಳಬೇಕಾದ ಅಗತ್ಯವಿಲ್ಲ.

ಲಿಟನ್ ಕೆಟ್ಟ ಗಿರಣಿ ಎಂದು ಆಗಲೇ ಹೆಸರು ಪಡೆದಿತ್ತು. ನನಗೆ ಹೆಚ್ಚು ಮುಖ್ಯವೆನಿಸುವುದು ಒಳ್ಳೆಯ ಗಿರಣಿಗಳ ಕಥೆ. ಚೆಷೈರಿನ ಸ್ಟೈಯಲ್‌ನಲ್ಲಿ ಗ್ರೆಗ್ ಮನೆತನದ ಗಿರಣಿಯಿತ್ತು. ಮಕ್ಕಳಿಗೆ ಪ್ರತ್ಯೇಕ ಮನೆ, ವೈದ್ಯ, ತಕ್ಕಮಟ್ಟಿನ ಊಟ, ಒಂದಿಷ್ಟು ಓದು. 1806ರಲ್ಲಿ ಅಲ್ಲಿಂದ ಇಬ್ಬರು ಹುಡುಗರು ಓಡಿಹೋದರು: ಥಾಮಸ್ ಪ್ರೀಸ್ಟ್ಲಿ, ಜೋಸೆಫ್ ಸೆಫ್ಟನ್. ಲಂಡನ್‌ವರೆಗೆ ನಡೆದುಹೋಗಿ ಸಿಕ್ಕಿಬಿದ್ದು ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟರು. ಹೇಳಿಕೆಯಲ್ಲಿ ಊಟದ ಬಗ್ಗೆ ದೂರಿಲ್ಲ, ಹೊಡೆತದ ದೂರೂ ಇಲ್ಲ. ಪ್ರೀಸ್ಟ್ಲಿಗೆ 13 ವರ್ಷ. ಯಂತ್ರಕ್ಕೆ ಸಿಕ್ಕಿ ಒಂದು ಬೆರಳು ಹೋಗಿತ್ತು. ಗಾಯ ಮಾಗುವವರೆಗೆ ಬಿಡುವು ಸಿಕ್ಕಿದ್ದರಿಂದ ಅಮ್ಮನನ್ನು ನೋಡಬೇಕೆನಿಸಿತು, ಹೊರಟೆ ಎಂದ. ಅಷ್ಟೇ. ಕೆಲಸದ ದಿನಗಳಲ್ಲಿ ಅಮ್ಮನ ನೆನಪಾಗುವಷ್ಟೂ ಬಿಡುವಿರಲಿಲ್ಲವೇನೋ.

ಗಿರಣಿಯ ಒಳಗೆ ಮಕ್ಕಳು ಮಾಡುತ್ತಿದ್ದುದೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮ್ಯೂಲ್ ಎಂಬ ನೂಲುವ ಯಂತ್ರದಲ್ಲಿ ನೂರಾರು ಕದಿರುಗಳನ್ನು ಹೊತ್ತ ಉದ್ದನೆಯ ಗಾಡಿಯೊಂದು ಹಳಿಯ ಮೇಲೆ ಮುಂದಕ್ಕೆ ಬರುತ್ತದೆ. ಬರುವಾಗ ಎಳೆ ಹಿಗ್ಗಿ ತಿರುಚಿಕೊಳ್ಳುತ್ತದೆ, ಹಿಂದಕ್ಕೆ ಹೋಗುವಾಗ ಕದಿರಿಗೆ ಸುತ್ತಿಕೊಳ್ಳುತ್ತದೆ. ದಿನವಿಡೀ ಇದೇ. ನಡುನಡುವೆ ಎಳೆಗಳು ಹರಿಯುತ್ತವೆ. ಗಾಡಿ ಸರಿಯುತ್ತಿರುವಾಗಲೇ ಜೊತೆಗೆ ನಡೆದು, ಬಾಗಿ, ಹರಿದ ತುದಿಗಳನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಇದು ದೊಡ್ಡ ಮಕ್ಕಳ ಕೆಲಸ. ಇನ್ನೂ ಚಿಕ್ಕವರದು ಯಂತ್ರದ ಅಡಿಯಲ್ಲಿ ತೆವಳಿ ಉದುರಿದ ಹತ್ತಿ ಗುಡಿಸುವುದು. ಗಾಡಿ ಮುಂದೆ ಹೋದಾಗ ಒಳಗೆ ನುಸುಳಬೇಕು, ಅದು ಹಿಂದಿರುಗುವಷ್ಟರಲ್ಲಿ ನೆಲಕ್ಕೆ ಅಂಟಿ ಮಲಗಬೇಕು ಇಲ್ಲವೇ ಹೊರಗೆ ಬರಬೇಕು. ಎಳೆ ಹರಿಯದಿರಲೆಂದು ಕೋಣೆಯನ್ನು ಬಿಸಿಯಾಗಿ, ತೇವವಾಗಿ ಇಡುತ್ತಿದ್ದರು. ಹತ್ತಿಯ ದೂಳಂತೂ ಗಾಳಿಯಷ್ಟೇ ಸಹಜ. ಸ್ವತಃ ಗಿರಣಿ ಮಾಲೀಕನೂ ಪಾರ್ಲಿಮೆಂಟ್ ಸದಸ್ಯನೂ ಆಗಿದ್ದ ಟಾಡ್ಮಾರ್ಡನ್‌ನ ಜಾನ್ ಫೀಲ್ಡನ್, ಎಳೆ ಕೂಡಿಸುವ ಮಗು ದಿನಕ್ಕೆ ಎಷ್ಟು ದೂರ ನಡೆಯುತ್ತದೆ ಎಂಬ ಮಾತನ್ನು ಮೊದಲು ನಂಬಲಿಲ್ಲ. ತನ್ನ ಗಿರಣಿಯಲ್ಲೇ ಅಳತೆ ಮಾಡಿಸಿದ. 12 ಗಂಟೆಗೆ 20 ಮೈಲಿಗಿಂತ ಕಡಿಮೆಯಿಲ್ಲ ಎಂದು ಬಂತು. ಅವನು ಬಾಲ್ಯದಲ್ಲಿ ಅಪ್ಪನ ಗಿರಣಿಯಲ್ಲೇ ದುಡಿದವನು, ಮುಂದೆ ಹತ್ತು ಗಂಟೆಯ ಕಾಯ್ದೆಗಾಗಿ ಪಾರ್ಲಿಮೆಂಟಿನಲ್ಲಿ ನಿಂತು ಹೋರಾಡಿದವನೂ ಅವನೇ. ಮಾಲೀಕರೆಲ್ಲ ರಾಕ್ಷಸರು ಎನ್ನುವವರಿಗೆ ನಾನು ಫೀಲ್ಡನ್‌ನ ಹೆಸರು ಹೇಳುತ್ತೇನೆ.

ಕೂಲಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೆಂಗಸಿಗೆ ಗಂಡಸಿನ ಅರ್ಧ ಅಥವಾ ಅದಕ್ಕಿಂತ ಕಡಿಮೆ, ಮಗುವಿಗೆ ಅದರಲ್ಲೂ ಒಂದು ಚೂರು. ಆದರೆ ಒಂದು ಅಪವಾದವನ್ನು ಬಿಡುವಂತಿಲ್ಲ. ಯಂತ್ರದ ಮಗ್ಗಗಳು ಬಂದ ಮೇಲೆ ಲ್ಯಾಂಕಷೈರಿನ ನೇಯ್ಗೆಯ ಗಿರಣಿಗಳಲ್ಲಿ ಹೆಂಗಸರಿಗೂ ಗಂಡಸರಿಗೂ ನೇಯ್ದ ಬಟ್ಟೆಯ ಲೆಕ್ಕದಲ್ಲಿ ಒಂದೇ ದರ ಸಿಗತೊಡಗಿತು. ಮದುವೆಯಾಗದ ಹುಡುಗಿ ಶನಿವಾರ ಸಂಜೆ ತನ್ನ ಕೂಲಿಯನ್ನು ತಾನೇ ಎಣಿಸಿಕೊಂಡು, ತನಗೆ ಬೇಕಾದ ರಿಬ್ಬನ್ ಕೊಳ್ಳುವುದನ್ನು ನೋಡಿ ದೊಡ್ಡ ಮನೆತನದವರು ಮೂಗು ಮುರಿದರು. ಮನೆಗೆಲಸದ ಆಳಾಗಿ ಇನ್ನೊಬ್ಬರ ಮನೆಯ ಅಟ್ಟದಲ್ಲಿ ಮಲಗುವುದಕ್ಕಿಂತ ಗಿರಣಿಯೇ ವಾಸಿ ಎಂದು ಅನೇಕ ಹುಡುಗಿಯರು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಂದಹಾಗೆ, 1851ರ ಜನಗಣತಿಯ ಹೊತ್ತಿಗೂ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಹೆಂಗಸರು ಇದ್ದದ್ದು ಮನೆಗೆಲಸದಲ್ಲೇ. ಗಿರಣಿಯ ಹೊಗೆಗೊಳವೆ ನಮ್ಮ ಕಣ್ಣು ತುಂಬುವುದರಿಂದ ಅಡುಗೆಮನೆಯ ಆಳು ಕಾಣದೆ ಹೋಗುತ್ತಾಳೆ.

ಮದುವೆಯಾಗಿ ಮಗುವಾದ ಮೇಲೆ ಲೆಕ್ಕ ಬದಲಾಗುತ್ತಿತ್ತು. ಹೆಚ್ಚಿನವರು ಗಿರಣಿ ಬಿಡುತ್ತಿದ್ದರು, ಬಿಡಲಾಗದವರು ಎಳೆಗೂಸನ್ನು ನೆರೆಯ ಮುದುಕಿಗೋ ಹತ್ತು ವರ್ಷದ ಹುಡುಗಿಗೋ ಒಪ್ಪಿಸಿ ಹೋಗುತ್ತಿದ್ದರು. ಹಸಿದ ಕೂಸನ್ನು ಮಲಗಿಸಲು ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಔಷಧಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತಿತ್ತು. ಕಪ್ಪು ಕಾಕಂಬಿಯಲ್ಲಿ ಅಫೀಮು ಕದಡಿದ ಪಾಕ. ಅಂಗಡಿಯಿಂದ ಅಂಗಡಿಗೆ ಅಫೀಮಿನ ಪ್ರಮಾಣ ಬೇರೆ. ಬಾಟಲಿಯ ತಳದಲ್ಲಿ ಅದು ಗಟ್ಟಿಯಾಗಿ ಕೂತು, ಕೊನೆಯ ಚಮಚ ಕುಡಿದ ಮಗು ಏಳದೇ ಹೋದದ್ದೂ ಉಂಟು. ತಾಯಂದಿರು ಕಟುಕಿಯರು ಎಂದು ವೈದ್ಯರೂ ಪಾದ್ರಿಗಳೂ ಬರೆದರು. ಹೊತ್ತನ್ನು ಪೂರ್ತಿ ಗಿರಣಿಗೆ ಮಾರಿದವಳು ಮಗುವಿನ ಹೊತ್ತನ್ನು ಎಲ್ಲಿಂದ ತರಬೇಕಿತ್ತು ಎಂದು ಅವರಲ್ಲಿ ಕೇಳಿದವರು ಕಡಿಮೆ. ಇದೇ ಕಥೆ ಮುಂಬಯಿಯ ಗಿರಣಿ ಚಾಳುಗಳಲ್ಲಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮರುಕಳಿಸಿತು. ಅಲ್ಲಿ ಪಾಕದ ಬದಲು ಅಫೀಮು ಬೆರೆತ ಗುಳಿಗೆ, ಮರಾಠಿಯಲ್ಲಿ 'ಬಾಳಗೋಳಿ'. ಪಾಳಿಗೆ ಹೋಗುವ ಮುನ್ನ ತಾಯಿ ಅದನ್ನು ಮಗುವಿಗೆ ನೆಕ್ಕಿಸಿ ಹೋಗುತ್ತಿದ್ದಳು. ವೈದ್ಯರು ಅಲ್ಲಿಯೂ ಬರೆದರು.

ಈಗ ನೆಲದ ಕೆಳಗೆ ಹೋಗೋಣ. 1838ರ ಜುಲೈ 4ರಂದು ಯಾರ್ಕ್‌ಷೈರಿನ ಸಿಲ್ಕ್‌ಸ್ಟನ್ ಬಳಿಯ ಹಸ್ಕರ್ ಕಲ್ಲಿದ್ದಲ ಗಣಿಯ ಮೇಲೆ ಗುಡುಗು ಮಳೆ ಸುರಿಯಿತು. ಮೇಲಕ್ಕೆ ಎತ್ತುವ ಯಂತ್ರ ನಿಂತಿತು. ಒಳಗೆ ಸಿಕ್ಕಿಕೊಂಡ ಮಕ್ಕಳಲ್ಲಿ ಕೆಲವರು ಬೆಟ್ಟದ ಇಳಿಜಾರಿಗೆ ತೆರೆದುಕೊಳ್ಳುವ ಇನ್ನೊಂದು ಸುರಂಗದ ದಾರಿ ಹಿಡಿದು ನಡೆದರು. ಉಕ್ಕಿದ ಹಳ್ಳ ಅದೇ ಸುರಂಗಕ್ಕೆ ನುಗ್ಗಿತು. ಗಾಳಿಯ ಓಟ ನಿಯಂತ್ರಿಸಲು ಇಟ್ಟಿದ್ದ ಬಾಗಿಲಿಗೆ ಮಕ್ಕಳು ಒತ್ತಿಹೋದರು, ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಿಲ್ಲ. 26 ಮಕ್ಕಳು ಸತ್ತರು. 15 ಹುಡುಗರು, 11 ಹುಡುಗಿಯರು. ಎಲ್ಲರಿಗಿಂತ ಚಿಕ್ಕವರಿಗೆ 7 ವರ್ಷ, ದೊಡ್ಡವರಿಗೆ 17.

ಅಂಥ ಬಾಗಿಲುಗಳನ್ನು ತೆರೆದು ಮುಚ್ಚುವುದೇ ಒಂದು ಕೆಲಸವಾಗಿತ್ತು. ಕಲ್ಲಿದ್ದಲ ಬಂಡಿ ಬಂದಾಗ ಹಗ್ಗ ಎಳೆದು ತೆರೆಯಬೇಕು, ಹೋದ ಮೇಲೆ ಮುಚ್ಚಬೇಕು, ಉಳಿದಂತೆ ಕತ್ತಲಲ್ಲಿ ಕೂತಿರಬೇಕು. 1840ರಲ್ಲಿ ನೇಮಕವಾದ ಮಕ್ಕಳ ದುಡಿಮೆಯ ಆಯೋಗದ ಮುಂದೆ ಸಾರಾ ಗೂಡರ್ ಎಂಬ 8 ವರ್ಷದ ಹುಡುಗಿ ಈ ಕೆಲಸದ ಬಗ್ಗೆ ಹೇಳಿದ್ದು ದಾಖಲಾಗಿದೆ. ಕೆಲಸದಿಂದ ದಣಿವಾಗುವುದಿಲ್ಲ, ಆದರೆ ದೀಪವಿಲ್ಲ, ಹೆದರಿಕೆಯಾಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ, ಕೆಲವೊಮ್ಮೆ ಮೂರೂವರೆಗೆ ಒಳಗೆ ಹೋಗುತ್ತೇನೆ, ಸಂಜೆ ಐದು ಐದೂವರೆಗೆ ಹೊರಗೆ ಬರುತ್ತೇನೆ. ಬೆಳಕಿದ್ದಾಗ ಹಾಡಿಕೊಳ್ಳುತ್ತೇನೆ, ಕತ್ತಲಲ್ಲಿ ಹಾಡಲು ಧೈರ್ಯ ಬರುವುದಿಲ್ಲ. ಅದೇ ಆಯೋಗದ ಮುಂದೆ 37 ವರ್ಷದ ಬೆಟ್ಟಿ ಹ್ಯಾರಿಸ್ ಹೇಳಿದಳು: ಸೊಂಟಕ್ಕೆ ಪಟ್ಟಿ, ಕಾಲುಗಳ ನಡುವೆ ಸರಪಳಿ, ನಾಲ್ಕು ಕಾಲಿನ ಮೇಲೆ ಬಂಡಿ ಎಳೆಯುತ್ತೇನೆ, ಬಸುರಿಯಾಗಿರುವಾಗ ಅದು ಇನ್ನೂ ಕಷ್ಟ. 17 ವರ್ಷದ ಪೇಷನ್ಸ್ ಕೆರ್ಷಾ ತನ್ನ ನೆತ್ತಿಯ ಬೋಳು ಜಾಗ ತೋರಿಸಿದಳು. ತಲೆಯಿಂದ ಬಂಡಿ ತಳ್ಳಿ ತಳ್ಳಿ ಅಲ್ಲಿಯ ಕೂದಲು ಹೋಗಿತ್ತು.

1842ರ ಮೇ ತಿಂಗಳಲ್ಲಿ ವರದಿ ಚಿತ್ರಗಳ ಸಮೇತ ಹೊರಬಂತು. ಸರ್ಕಾರಿ ವರದಿಯಲ್ಲಿ ಚಿತ್ರ ಹಾಕುವುದು ಆ ಕಾಲಕ್ಕೆ ಹೊಸದು. ಅರೆಬೆತ್ತಲೆ ಹುಡುಗ ಹುಡುಗಿ ಒಂದೇ ಹಗ್ಗಕ್ಕೆ ಜೋತು, ಒಬ್ಬರನ್ನೊಬ್ಬರು ತಬ್ಬಿಕೊಂಡು ಗಣಿಗೆ ಇಳಿಯುವ ಚಿತ್ರ ಲಂಡನ್ನಿನ ದಿವಾನಖಾನೆಗಳನ್ನು ತಲುಪಿತು. ಮೂರು ತಿಂಗಳಲ್ಲಿ, ಆಗಸ್ಟ್ 10ರಂದು, ಕಾಯ್ದೆಯಾಯಿತು. ಹೆಂಗಸರು, ಹುಡುಗಿಯರು, ಹತ್ತು ವರ್ಷದೊಳಗಿನ ಹುಡುಗರು ನೆಲದಡಿಯಲ್ಲಿ ದುಡಿಯುವಂತಿಲ್ಲ. ಗಿರಣಿಯ ಮಕ್ಕಳಿಗೆ ಗಂಟೆಗಳ ಲೆಕ್ಕದಲ್ಲಿ ಒಂದಿಷ್ಟು ಬಿಡುವು ಕೊಡಿಸಲು 30 ವರ್ಷ ಹೆಣಗಿದ ಪಾರ್ಲಿಮೆಂಟು ಇದನ್ನು ಮೂರು ತಿಂಗಳಲ್ಲಿ ಮುಗಿಸಿದ್ದು ಏಕೆ? ವರದಿಯನ್ನೂ ಚರ್ಚೆಯನ್ನೂ ಓದಿದರೆ ಉತ್ತರ ಸಿಗುತ್ತದೆ. ಆ ದೊಡ್ಡ ಮನುಷ್ಯರನ್ನು ಹೆಂಗಸರ ಬಳಲಿಕೆಗಿಂತ ಹೆಚ್ಚಾಗಿ ಅವರ ಬೆತ್ತಲೆ ಕಲಕಿತ್ತು. ಪ್ಯಾಂಟು ತೊಟ್ಟ ಹೆಂಗಸು, ಎದೆ ಮುಚ್ಚದ ಹುಡುಗಿ, ಕತ್ತಲಲ್ಲಿ ಗಂಡಸರ ಜೊತೆ ಕೆಲಸ. ಇದರಿಂದ ಹುಟ್ಟುವ ಅನೀತಿಯ ಬಗ್ಗೆ ಪುಟಗಟ್ಟಲೆ ಕಳವಳವಿದೆ.

ಕಾಯ್ದೆ ಒಳ್ಳೆಯದೇ ಆಯಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಮರುದಿನ ಕೆಲಸ ಹೋದ ಹೆಂಗಸರು ಏನು ತಿನ್ನಬೇಕೆಂದು ಅದರಲ್ಲಿ ಒಂದು ಸಾಲಿಲ್ಲ. ಗಂಡ ಸತ್ತವಳು, ಅಪ್ಪನಿಗೆ ಕಾಲು ಹೋದವಳು, ತಮ್ಮಂದಿರನ್ನು ಸಾಕುವವಳು ಎಲ್ಲಿಗೆ ಹೋಗಬೇಕು? ಕೆಲವರು ಗಂಡಸಿನ ವೇಷ ತೊಟ್ಟು ಕದ್ದು ಇಳಿದರು. ಲ್ಯಾಂಕಷೈರಿನ ವಿಗನ್ ಸುತ್ತಮುತ್ತ ನೂರಾರು ಹೆಂಗಸರು ಗಣಿಯ ಬಾಯಿಯ ಬಳಿ, ನೆಲದ ಮೇಲೆ, ಕಲ್ಲಿದ್ದಲು ಆರಿಸುವ ಕೆಲಸ ಹಿಡಿದರು. 1880ರ ದಶಕದಲ್ಲಿ ಅದನ್ನೂ ನಿಷೇಧಿಸಲು ಹೊರಟಾಗ ಅವರೇ ತಂಡಕಟ್ಟಿ ಲಂಡನ್ನಿಗೆ ಹೋಗಿ ಮಂತ್ರಿಯನ್ನು ಕಂಡು ತಡೆದರು. ಭಾರತದ ಕಲ್ಲಿದ್ದಲ ಗಣಿಗಳಲ್ಲೂ ಇದೇ ಆಟ ನಡೆಯಿತು. 1929ರಲ್ಲಿ ಹೆಂಗಸರನ್ನು ನೆಲದಡಿಯಿಂದ ಹಂತಹಂತವಾಗಿ ಹೊರತರುವ ನಿಯಮ ಬಂತು, ಯುದ್ಧಕ್ಕೆ ಕಲ್ಲಿದ್ದಲು ಬೇಕಾದಾಗ 1943ರಲ್ಲಿ ನಿಷೇಧ ಸಡಿಲವಾಯಿತು, 1946ರಲ್ಲಿ ಮತ್ತೆ ಬಿಗಿಯಾಯಿತು. ಹೆಂಗಸಿನ ಮೈಗೆ ಅಪಾಯ ಎಂಬ ವಾದ ಮಧ್ಯದ ಮೂರು ವರ್ಷ ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ.

ಗಿರಣಿ ಕಾಯ್ದೆಗಳನ್ನು ಪರೀಕ್ಷೆಗೆ ಓದುವವರಂತೆ ಪಟ್ಟಿ ಮಾಡುವುದಿಲ್ಲ. 1802ರ ಮತ್ತು 1819ರ ಕಾಯ್ದೆಗಳನ್ನು ಜಾರಿ ಮಾಡುವವರೇ ಇರಲಿಲ್ಲ. 1833ರ ಕಾಯ್ದೆ ನಾಲ್ವರು ತನಿಖಾಧಿಕಾರಿಗಳನ್ನು ಕೊಟ್ಟದ್ದರಿಂದ ಅದಕ್ಕೆ ಬೆಲೆ. 9 ವರ್ಷದೊಳಗಿನವರು ಬೇಡ, 13 ತುಂಬುವವರೆಗೆ ದಿನಕ್ಕೆ 9 ಗಂಟೆ, ಜೊತೆಗೆ ಎರಡು ಗಂಟೆ ಶಾಲೆ. ಆದರೆ ಮಗುವಿಗೆ 9 ತುಂಬಿದೆ ಎಂದು ತಿಳಿಯುವುದು ಹೇಗೆ? ಇಂಗ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದದ್ದೇ 1837ರಲ್ಲಿ. ಅಲ್ಲಿಯವರೆಗೆ ವೈದ್ಯ ನೋಡಿ ಸರ್ಟಿಫಿಕೇಟು ಕೊಡುತ್ತಿದ್ದ, ಎತ್ತರ ನೋಡುತ್ತಿದ್ದ. ಎತ್ತರಕ್ಕಿಂತ ಹಲ್ಲನ್ನು ನಂಬಬಹುದು ಎಂದು ಒಬ್ಬ ದಂತವೈದ್ಯ ಪಾರ್ಲಿಮೆಂಟಿಗೆ ಲೆಕ್ಕ ಒಪ್ಪಿಸಿದ. ಜಾತ್ರೆಯಲ್ಲಿ ಹೋರಿಯ ಬಾಯಿ ಬಿಡಿಸಿ ಹಲ್ಲು ಎಣಿಸುವಂತೆ ಮಕ್ಕಳ ಬಾಯಿ ಬಿಡಿಸಿ ನೋಡಿದರು.

1844ರ ಕಾಯ್ದೆ ವಯಸ್ಕ ಹೆಂಗಸರ ದುಡಿಮೆಯನ್ನೂ 12 ಗಂಟೆಗೆ ಮಿತಿಗೊಳಿಸಿತು, 1847ರದು ಹೆಂಗಸರಿಗೂ 18ರೊಳಗಿನವರಿಗೂ 10 ಗಂಟೆ ಎಂದಿತು. ಗಂಡಸರ ಮಾತೇ ಇಲ್ಲ. ಗಂಡಸು ಸ್ವತಂತ್ರ, ತನ್ನ ಕರಾರು ತಾನು ಮಾಡಿಕೊಳ್ಳಬಲ್ಲ ಎಂಬುದು ಆಗಿನ ಅರ್ಥಶಾಸ್ತ್ರ. ಆದರೆ ಹೆಂಗಸರು, ಮಕ್ಕಳು ಎದ್ದುಹೋದರೆ ಗಿರಣಿ ನಡೆಯುವುದಿಲ್ಲ, ಹಾಗಾಗಿ ಗಂಡಸಿಗೂ ಬಿಡುವು ಸಿಗುತ್ತದೆ. ಹೆಂಗಸರ ಸೆರಗಿನ ಮರೆಯಲ್ಲಿ ನಿಂತು ಗಂಡಸರು ಯುದ್ಧ ಮಾಡಿದರು ಎಂದು ಆಡಿಕೊಂಡವರಿದ್ದಾರೆ. ಆಡಿಕೊಳ್ಳಲಿ, ಹತ್ತು ಗಂಟೆಯ ದಿನ ಬಂದದ್ದು ಹಾಗೆಯೇ.

ನಮ್ಮಲ್ಲಿಗೆ ಬರೋಣ. ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು. 7 ವರ್ಷದೊಳಗಿನ ಮಕ್ಕಳನ್ನು ನಿಷೇಧಿಸಿತು, 12ರವರೆಗೆ 9 ಗಂಟೆ ಎಂದಿತು, ಹೆಂಗಸರ ಬಗ್ಗೆ ಸುಮ್ಮನಿತ್ತು. ಹೆಂಗಸರಿಗೆ 11 ಗಂಟೆಯ ಮಿತಿ ಬಂದದ್ದು 1891ರಲ್ಲಿ. ಮುಂಬಯಿಯಲ್ಲಿ ಸೊರಾಬ್ಜಿ ಶಾಪೂರ್ಜಿ ಬೆಂಗಾಲಿ, ಆಮೇಲೆ ನಾರಾಯಣ ಮೇಘಾಜಿ ಲೋಖಂಡೆ ಇದಕ್ಕಾಗಿ ಪ್ರಾಮಾಣಿಕವಾಗಿ ದುಡಿದರು. ಜೊತೆಗೆ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಿಗೂ ಭಾರತದ ಮಕ್ಕಳ ಮೇಲೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತು. ಮುಂಬಯಿಯ ಅಗ್ಗದ ಬಟ್ಟೆ ಅವರ ಹೊಟ್ಟೆಗೆ ಹೊಡೆಯುತ್ತಿತ್ತು. 1880ರ ದಶಕದಲ್ಲೇ ಬೆಂಗಳೂರಿನಲ್ಲಿ ಗಿರಣಿಗಳು ತಲೆ ಎತ್ತಿದವು. ಕ್ರಾಮ್‌ಫರ್ಡ್‌ನಲ್ಲಿ ಆದಂತೆ ಧುಮುಕುವ ನೀರನ್ನೇ ನಂಬಿ ಘಟಪ್ರಭೆಯ ದಂಡೆಯಲ್ಲಿ, ಗೋಕಾಕ ಜಲಪಾತದ ಬಳಿ, ನೂಲಿನ ಗಿರಣಿ ಬಂತು.

ಧಾರವಾಡದ ಹತ್ತಿಗೂ ಲ್ಯಾಂಕಷೈರಿನ ಹೆಂಗಸರಿಗೂ ಅದಕ್ಕಿಂತ ಹಳೆಯ ನಂಟಿದೆ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತು, 1861ರಿಂದ 1865ರವರೆಗೆ ಲ್ಯಾಂಕಷೈರಿನ ಎಷ್ಟೋ ಗಿರಣಿಗಳು ಮುಚ್ಚಿದವು. ಕೆಲಸ ಹೋದ ಹುಡುಗಿಯರನ್ನು ಹೊಲಿಗೆ ಶಾಲೆಗಳಲ್ಲಿ ಕೂರಿಸಿ ಪರಿಹಾರದ ಕಾಸು ಕೊಟ್ಟರು. ಆಗ ನಮ್ಮ ಪಶ್ಚಿಮ ಭಾರತದ ಹತ್ತಿ ಅಲ್ಲಿಗೆ ಹರಿಯಿತು. ಧಾರವಾಡದ್ದೂ ಸೇರಿ ಎಲ್ಲಕ್ಕೂ ಅವರಿಟ್ಟ ಹೆಸರು 'ಸೂರತ್'. ಗಿಡ್ಡ ಎಳೆ, ಕಸ ಹೆಚ್ಚು, ನೂಲು ಪದೇಪದೇ ಹರಿಯುತ್ತದೆ, ಕೂಡಿಸಿ ಕೂಡಿಸಿ ಕೈ ಸೋಲುತ್ತದೆ, ನೇಯ್ದ ಲೆಕ್ಕದ ಕೂಲಿ ಇಳಿಯುತ್ತದೆ. ಪ್ರಾರ್ಥನಾ ಮಂದಿರವೊಂದರಲ್ಲಿ ದೇವರೇ ಹತ್ತಿ ಕಳುಹಿಸು ಎಂದು ಬೇಡುವಾಗ, ಸೂರತ್ ಮಾತ್ರ ಬೇಡ ಎಂದು ಯಾರೋ ಕೂಗಿದರು ಎಂಬ ಕಥೆಯಿದೆ. ಧಾರವಾಡದ ಹೊಲದಲ್ಲಿ ಹತ್ತಿ ಬಿಡಿಸಿದ ಹೆಂಗಸು ಮತ್ತು ಅಲ್ಲಿ ಎಳೆ ಕೂಡಿಸಿದ ಹುಡುಗಿ ಒಬ್ಬರನ್ನೊಬ್ಬರು ಬೈದುಕೊಳ್ಳಲು ಕೂಡ ಪರಿಚಯವಿಲ್ಲದವರು.

ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: "ಸರ್, ಆ ಯಂತ್ರಗಳಿಗೆ ಮಕ್ಕಳ ಪುಟ್ಟ ಬೆರಳುಗಳೇ ಬೇಕಾಗಿದ್ದವಲ್ಲವೆ? ಹಾಗಿದ್ದರೆ ಮಾಲೀಕರು ಬೇರೇನು ಮಾಡಬಹುದಿತ್ತು?"

ಒಳ್ಳೆಯ ಪ್ರಶ್ನೆ. ಇದೇ ಮಾತನ್ನು ಆಗಿನವರೂ ಹೇಳಿದರು. ಮೊದಲ ಯಂತ್ರಗಳನ್ನು ಗಿಡ್ಡವಾಗಿ ಕಟ್ಟಿದ್ದರಿಂದ ಮಗುವಿಗೆ ಬಾಗುವುದು ಸುಲಭವಾಗಿತ್ತು, ಅದು ನಿಜ. ಆದರೆ ಯಂತ್ರವನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬುದು ಪ್ರಕೃತಿ ನಿಯಮವಲ್ಲ. ಅಗ್ಗಕ್ಕೆ, ಎದುರು ಮಾತಾಡದೆ ದುಡಿಯುವವರು ಕೈಗೆ ಸಿಗುತ್ತಿದ್ದರೆ ಅವರ ಅಳತೆಗೇ ಯಂತ್ರ ಕಟ್ಟುತ್ತಾರೆ. 1837ರಲ್ಲಿ ನಾಸೌ ಸೀನಿಯರ್ ಎಂಬ ಅರ್ಥಶಾಸ್ತ್ರಜ್ಞ, ಗಿರಣಿಯ ನಿವ್ವಳ ಲಾಭವೆಲ್ಲ ದಿನದ ಕೊನೆಯ ಒಂದು ಗಂಟೆಯಲ್ಲಿ ಹುಟ್ಟುತ್ತದೆ, ಅದನ್ನು ಕಿತ್ತರೆ ಉದ್ಯಮ ಮುಳುಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. ಹತ್ತು ವರ್ಷದಲ್ಲಿ ಹತ್ತು ಗಂಟೆಯ ಕಾಯ್ದೆ ಬಂತು. 1850ರ ದಶಕದಲ್ಲಿ ಲ್ಯಾಂಕಷೈರ್ ಹಿಂದೆಂದಿಗಿಂತ ಹೆಚ್ಚು ಬಟ್ಟೆ ನೇಯ್ದಿತು.

ಆದರೆ ಮಾಲೀಕರನ್ನಷ್ಟೇ ಕಟಕಟೆಯಲ್ಲಿ ನಿಲ್ಲಿಸಿದರೆ ಉತ್ತರ ಅರ್ಧವಾಗುತ್ತದೆ. 1844ರ ಕಾಯ್ದೆ ಮಕ್ಕಳಿಗೆ ಅರ್ಧ ದಿನ ಗಿರಣಿ, ಅರ್ಧ ದಿನ ಶಾಲೆ ಎಂಬ ಪದ್ಧತಿ ತಂದಿತು. ಅದೇ ಕಾಯ್ದೆ ಕನಿಷ್ಠ ವಯಸ್ಸನ್ನು 9ರಿಂದ 8ಕ್ಕೆ ಇಳಿಸಿತ್ತು, ಶತಮಾನದ ಕೊನೆಗೆ ಅದು ಮೆಲ್ಲಮೆಲ್ಲನೆ 12ಕ್ಕೆ ಏರಿತು. ಬೆಳಗಿನ ಆರಕ್ಕೆ ಗಿರಣಿಗೆ ಹೋದ ಮಗು ಮಧ್ಯಾಹ್ನ ಶಾಲೆಯ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿತ್ತು. 1909ರಲ್ಲಿ, ಈ ವಯಸ್ಸನ್ನು ಇನ್ನೊಂದು ವರ್ಷ ಏರಿಸೋಣವೇ ಎಂದು ಹತ್ತಿ ಗಿರಣಿಯ ಕಾರ್ಮಿಕ ಸಂಘಗಳು ತಮ್ಮ ಸದಸ್ಯರ ಮತ ಕೇಳಿದವು. ಭಾರೀ ಬಹುಮತದಿಂದ ಬೇಡ ಎಂದು ಬಂತು. ಹಾಗೆಂದವರು ಮಾಲೀಕರಲ್ಲ, ಮಕ್ಕಳ ತಂದೆತಾಯಂದಿರು. ಅವರಲ್ಲಿ ಹಲವರು ತಾವೂ ಅರ್ಧ ದಿನ ಗಿರಣಿಯಲ್ಲೇ ಬೆಳೆದವರು. ತಿಂಗಳ ಲೆಕ್ಕದಲ್ಲಿ ಮಗುವಿನ ಕೂಲಿಗೆ ಆಗಲೇ ಒಂದು ಜಾಗ ಇತ್ತು. ಆ ಪದ್ಧತಿಯನ್ನು ಕೊನೆಗೆ ತೆಗೆದದ್ದು 1918ರ ಶಿಕ್ಷಣ ಕಾಯ್ದೆ, ಅದೂ ಪೂರ್ತಿ ಜಾರಿಗೆ ಬಂದದ್ದು 1921ರಲ್ಲಿ. ಅವರನ್ನು ಒಪ್ಪಿಸಿ ತೆಗೆದದ್ದಲ್ಲ.